ಹಾಸು ಬಾಗಿ ಕಂಡ ಬುಧವಾರ

ಪೊಂಗಲ್ ಕಳೆದ ಮೇಲಿನ ಎರಡನೆಯ ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸೇಲಂ ಪಟ್ಟಣದ ಅಂಚಿನಲ್ಲಿರುವ, ಮನೆಮಾತು ಕನ್ನಡವಾದ ನಮ್ಮ ನೇಕಾರರ ಬೀದಿ. ಇದ್ದವರು ನಾನು, ನನ್ನ ಯಜಮಾನರು, ನನ್ನ ಸೊಸೆ, ಎದುರು ಮನೆಯ ಗಂಡ ಹೆಂಡತಿ, ಹಗ್ಗ ಹಿಡಿಯಲು ಬಂದಿದ್ದ ನಾಲ್ವರು. ಬೀದಿಗೆ ಬಿದ್ದಿದ್ದ ಹಾಸು ಎದುರು ಮನೆಯವರದು.

ಹಾಸು ಎಂದರೆ ಸೀರೆಯ ಉದ್ದ ಎಳೆಗಳು. ಮಗ್ಗಕ್ಕೆ ಏರುವ ಮೊದಲು ಅವನ್ನೆಲ್ಲ ಬೀದಿಯುದ್ದಕ್ಕೂ ಬಿದಿರು ಕಾಲುಗಳ ಮೇಲೆ ಎಳೆದು ಕಟ್ಟುತ್ತೇವೆ. ಅಕ್ಕಿ ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಎಳೆಬಿಸಿಲಿನಲ್ಲಿ ಒಣಗಿಸುತ್ತೇವೆ. ಬಿಸಿಲು ಬಲಿಯುವುದರೊಳಗೆ ಕೆಲಸ ಮುಗಿಯಬೇಕು. ಒಂದು ಮನೆಯ ಹಾಸು ಬೀದಿಗೆ ಬಂದರೆ ಅಕ್ಕಪಕ್ಕದವರೆಲ್ಲ ಕೈ ಹಾಕುತ್ತಾರೆ. ಅದರಲ್ಲಿ ನನ್ನ ಕೆಲಸ ಎರಡು. ಒಂದು, ಗಂಜಿ ಕಾಯಿಸುವುದು. ಇನ್ನೊಂದು, ಹಾಸಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಎಳೆಗಳ ಮಟ್ಟಕ್ಕೆ ಇಳಿಸಿ, ಹಾಸು ಸಮವಾಗಿದೆಯೋ ಇಲ್ಲವೋ ಹೇಳುವುದು. ನಮ್ಮ ಅತ್ತೆಯ ನಂತರ ನಲವತ್ತು ವರ್ಷಗಳಿಂದ ಈ ಬೀದಿಯಲ್ಲಿ ಇದನ್ನು ನಾನೇ ಮಾಡುತ್ತಿದ್ದೇನೆ.

ಕ್ರಮ ಕಲಿಸಿದ್ದು ಅತ್ತೆ. ನಾಲ್ಕೂವರೆಗೆ ಏಳಬೇಕು. ಐದೂಕಾಲಿಗೆ ಗಂಜಿ ಒಲೆಯಿಂದ ಇಳಿದಿರಬೇಕು. ಗಂಜಿಯ ಹತ್ತಿರ ಹರಟೆ ಹೊಡೆಯಬಾರದು, ಸೀನಲೇಬಾರದು. ಸೀನಿದರೆ ಅಷ್ಟನ್ನೂ ಚೆಲ್ಲಿ ಹೊಸದು ಕಾಯಿಸಬೇಕು. ಮದುವೆಯಾದ ಮೊದಲ ವರ್ಷದಲ್ಲಿ ಎರಡು ಸಲ ಚೆಲ್ಲಿಸಿದ್ದರು. ಆಮೇಲೆ ನಾನು ಸೀನಲಿಲ್ಲ.

ಆ ಬುಧವಾರ ತುದಿಯಲ್ಲಿ ಕೂತು ನೋಡಿದಾಗ ಹಾಸು ನಡುವಿನಿಂದ ಎಡಕ್ಕೆ ಬಾಗಿತ್ತು. ಮರವನ್ನು ಬಳಸಿಕೊಂಡು ಹೋಗುವ ಕಾಲುದಾರಿಯ ಹಾಗೆ ಬಳುಕಿ, ಮುಂದೆ ಹೋಗಿ ಮತ್ತೆ ನೆಟ್ಟಗಾಗುತ್ತಿತ್ತು. ನನ್ನ ಎಡಗಣ್ಣಿಗೆ ಹಳೆಯ ತೊಂದರೆ ಇದೆ. ಅದಕ್ಕೆ ಅದನ್ನು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ. ಬಲಗಣ್ಣಿನಲ್ಲೂ ಬಾಗಿಯೇ ಇತ್ತು.

"ಎಡಗಡೆ ಸಡ್ಲ ಐತೆ. ಬಿಗಿ ಮಾಡು," ಎಂದೆ.

ಎದುರು ಮನೆಯವನು ನಾನು ಎತ್ತಿ ಆಡಿಸಿದ ಹುಡುಗ, ಈಗ ನಲವತ್ತು ದಾಟಿದ್ದಾನೆ. ನನ್ನನ್ನು ದೊಡ್ಡವ್ವ ಎನ್ನುತ್ತಾನೆ. ಬಂದು ಬಗ್ಗಿ ನೋಡಿದ.

"ನೇರಾಗೇ ಐತಲ್ಲ ದೊಡ್ಡವ್ವ."

"ಗಂಜಿ ಒಣಗ್ತಾ ಐತೆ, ವಾದ ಮಾಡಬ್ಯಾಡ. ಎಳೀರಿ ಅಂದ್ರೆ ಎಳೀರಿ."

ಎಳೆದರು. ನನಗೆ ಬಾಗು ಹೋಗಲಿಲ್ಲ. ಇನ್ನೂ ಎಳೆಯಿರಿ ಎಂದೆ. ಹಗ್ಗ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು, ಆದರೆ ಯಾರೂ ಬಾಯಿ ಬಿಡಲಿಲ್ಲ. ನನ್ನ ಮಾತಿಗೆ ಈ ಬೀದಿಯಲ್ಲಿ ಎದುರು ಮಾತಾಡುವ ವಾಡಿಕೆ ಇಲ್ಲ. ಮೂರನೆಯ ಸಲ ಎಳೆದಾಗ ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದಾಯಿತು. ಎಡ ಅಂಚಿನಲ್ಲಿ ಅಂಗೈ ಅಗಲದಷ್ಟು ಎಳೆಗಳು ಪಟಪಟ ಕಿತ್ತುಹೋದವು. ಬಲಗಡೆ ಸಡಿಲವಾಗಿ, ಹಸಿ ಎಳೆಗಳು ಒಂದರ ಮೇಲೊಂದು ಕೂತು ಅಂಟಿಕೊಂಡವು.

ಅವನ ಹೆಂಡತಿಗೆ ನಾಲಗೆ ಚುರುಕು. ಕುಂಚವನ್ನು ಬುಟ್ಟಿಗೆ ಎಸೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬೊಗ್ಗಿರೋದು ಹಾಸಾ ದೊಡ್ಡವ್ವಾ, ಇಲ್ಲ ನಿಮ್ ಕಣ್ಣಾ?"

"ಸುಮ್ಕಿರೇ," ಎಂದ ಅವಳ ಗಂಡ.

"ನಾನ್ಯಾಕೆ ಸುಮ್ಕಿರಲಿ? ಅಷ್ಟು ಜನಾನೂ ಸುಮ್ಕಿದ್ದಕ್ಕೇ ಇಂಗಾಗಿದ್ದು!"

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಅಂಟಿದ ಎಳೆಗಳನ್ನು ಬಿಡಿಸಲು ಬಗ್ಗಿದೆ. ಎಳೆಗಳ ಮೇಲೆ ಕೆಂಪಿರುವೆ ಸಾಲುಗಟ್ಟಿ ಹರಿಯುತ್ತಿದ್ದವು. ಸೆರಗಿನಿಂದ ಒರೆಸಿದೆ. ಮತ್ತೆ ಬಂದವು. ಮತ್ತೆ ಒರೆಸಿದೆ. ಸೊಸೆ ಬಂದು ನನ್ನ ಮಣಿಕಟ್ಟು ಹಿಡಿದಳು.

"ಅತ್ತೆ, ಏನ್ ಒರಸ್ತಾ ಇದೀರ?"

"ಇರುವೆ."

"ಇರುವೆ ಎಲ್ಲೈತೆ?"

ಅವಳ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ನಾನು ಎರಡು ತಿಂಗಳಿಂದ ಮುಚ್ಚಿಟ್ಟಿದ್ದು ಬೀದಿಯ ನಡುವೆ ಬಯಲಾಗಿತ್ತು.

ಎಡಗಣ್ಣಿನ ವಿಷಯ ಮನೆಯವರಿಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಕಿಟಕಿಯ ಸರಳುಗಳು ಹೊಟ್ಟೆ ಉಬ್ಬಿಸಿಕೊಂಡು ಕಂಡವು. ಕಣ್ಣಿನ ಆಸ್ಪತ್ರೆಯಲ್ಲಿ, ವಯಸ್ಸಿಗೆ ಕಣ್ಣಿನ ಒಳಪರದೆಯ ನಡುಭಾಗ ಕೆಟ್ಟಿದೆ ಎಂದರು. ಕಣ್ಣೊಳಗೆ ಸೂಜಿ ಹಾಕಿದರು. ತೊಂದರೆ ಅಲ್ಲಿಗೇ ನಿಂತಿತು, ಹಿಂದಕ್ಕೆ ಮಾತ್ರ ಹೋಗಲಿಲ್ಲ. ದಿನಾ ನೋಡಿಕೊಳ್ಳಲು ಚೌಕಳಿ ಗೆರೆಗಳಿರುವ ಒಂದು ಚೀಟಿ ಕೊಟ್ಟರು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಕಾಫಿಗೆ ಮೊದಲು, ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ಅದರ ಜೊತೆ ಬದುಕುವುದನ್ನು ಬೇಗ ಕಲಿತೆ. ಎಡಗಣ್ಣಿಗೆ ಬಾಗಿಲ ಚೌಕಟ್ಟು ಸೊಟ್ಟ, ಕರೆಂಟು ಕಂಬ ಸೊಟ್ಟ, ಯಜಮಾನರ ಮೂಗೂ ಸೊಟ್ಟ. "ನಿಮ್ ಮೂಗು ಯಾರೋ ಚಿವುಟಿದಂಗೆ ಐತೆ," ಎಂದು ಹೇಳಿದಾಗ ಅವರು, "ಐವತ್ತು ವರ್ಷ ಆಯ್ತಲ್ಲ ಮದುವೆಯಾಗಿ, ಈಗಾದ್ರೂ ಕಣ್ಣು ಬಿಟ್ಟು ನೋಡಿದ್ಯಲ್ಲ," ಎಂದಿದ್ದರು. ಬಲಗಣ್ಣು ಸುಳ್ಳು ಹೇಳುತ್ತಿರಲಿಲ್ಲ. ಅಳತೆ, ಸೂಜಿ, ಹಾಸು ಎಲ್ಲಕ್ಕೂ ಬಲಗಣ್ಣನ್ನೇ ನಂಬಿದ್ದೆ.

ದೀಪಾವಳಿ ಕಳೆದು ಕೆಲವು ವಾರಕ್ಕೆ ಅದೂ ಕೈಕೊಟ್ಟಿತು. ಮನೆ ಮುಂದೆ ಹಾಕಿದ ರಂಗೋಲಿ ನೆಲದ ಮೇಲೆ ಮೆಲ್ಲನೆ ಹರಿದಾಡುವ ಹಾಗೆ ಕಂಡಿತು. ಸುಣ್ಣದ ಖಾಲಿ ಗೋಡೆಯ ಮೇಲೆ ಸಂಜೆಯಾದರೆ ಸೀರೆಯ ಬುಟ್ಟಾ ಮೂಡುತ್ತಿತ್ತು, ಸಾಲು ಸಾಲಾಗಿ, ಒಂದೂ ತಪ್ಪದೆ. ಕಣ್ಣು ಮುಚ್ಚಿ ತೆರೆದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮೊರದ ಅಕ್ಕಿಯಲ್ಲಿ ಇರುವೆ ಕಂಡು ಮೂರು ಸಲ ಅಕ್ಕಿಯನ್ನು ಹಿತ್ತಿಲಿಗೆ ಚೆಲ್ಲಿದೆ. ಯಾರಿಗೂ ಹೇಳಲಿಲ್ಲ.

ಹೇಳದಿರಲು ಕಾರಣ ನನ್ನ ಅವ್ವ.

ಅವ್ವ ಕೊನೆಯ ವರ್ಷದಲ್ಲಿ ಹೆಂಚಿನ ಕೆಳಗಿನ ತೊಲೆಗಳ ಮೇಲೆ ಜನ ಕೂತು ನೂಲು ಸುತ್ತುತ್ತಿರುವುದನ್ನು ನೋಡುತ್ತಿದ್ದಳು. "ಬೆಳಿಗ್ಗೆಯಿಂದ ಕೂತವ್ರೆ, ಅವರಿಗೂ ಒಂದು ಗುಟುಕು ಗಂಜಿ ಕೊಡ್ರೇ," ಎನ್ನುತ್ತಿದ್ದಳು. ಮಂತ್ರಿಸಿದ ತಾಯಿತ ಕಟ್ಟಿದರು. ಅದರಿಂದ ಏನೂ ಆಗಲಿಲ್ಲ. ಬೀದಿಗೆ ಓಡಿಬಿಡುತ್ತಾಳೆ ಎಂದು ಕೋಣೆಯ ಬಾಗಿಲು ಹಾಕಿದರು. ನಾನು ತವರಿಗೆ ಹೋದಾಗಲೆಲ್ಲ ಆ ಬಾಗಿಲು ಹಾಕುವ ಸರದಿ ನನ್ನದು. ಆಗ ನನಗೆ ಮೂವತ್ತು ವರ್ಷ, ಮಗ ಸೊಂಟದ ಮೇಲಿದ್ದ. ಚಿಲಕ ಹಾಕಿ, ಒಳಗಿನಿಂದ ಅವಳು ಕರೆಯುವುದನ್ನು ಕೇಳುತ್ತ ಅಡುಗೆ ಮಾಡುತ್ತಿದ್ದೆ.

ಗೋಡೆಯ ಮೇಲೆ ಬುಟ್ಟಾ ಕಂಡ ಮೊದಲ ಸಂಜೆಯೇ ನನ್ನ ಸರದಿಯೂ ಬಂತು ಎಂದುಕೊಂಡೆ. ಕಣ್ಣು ಹೋದರೆ ಬೆರಳುಗಳಿವೆ. ಬುದ್ಧಿ ಹೋದರೆ ನನ್ನ ಬಾಗಿಲ ಚಿಲಕ ಹಾಕುವವರು ಯಾರು ಎಂದು ಯೋಚಿಸುತ್ತಿದ್ದೆ. ಸೊಸೆ ಒಳ್ಳೆಯವಳು. ನಾನೂ ಕೆಟ್ಟ ಮಗಳಾಗಿರಲಿಲ್ಲ.

ಬೀದಿಯಿಂದ ಒಳಗೆ ಕರೆತಂದು ಸೊಸೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಯಜಮಾನರೂ ಬಂದು ನಿಂತರು. ಎಲ್ಲವನ್ನೂ ಹೇಳಿದೆ, ರಂಗೋಲಿ, ಬುಟ್ಟಾ, ಅಕ್ಕಿ, ಅವ್ವ. ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ.

"ಎರಡು ತಿಂಗಳಿಂದ ಯೋಳಲೇ ಇಲ್ವಲ್ಲ ಅತ್ತೆ!"

"ಯೋಳಿದ್ರೆ ಏನ್ ಮಾಡ್ತಿದ್ದೆ?"

"ಅಕ್ಕಿ ಚೆಲ್ಲಾಕೆ ಬಿಡ್ತಿರಲಿಲ್ಲ," ಎಂದಳು. ಆಮೇಲೆ ಸೀರೆ ಬದಲಾಯಿಸಲು ಹೋದಳು. "ಒಂಬತ್ತಕ್ಕೆ ಆಸ್ಪತ್ರೆ ತೆಗೀತಾರೆ. ಮಾತ್ರೆ ಡಬ್ಬಿ ಎತ್ಕೊಳ್ಳಿ. ಹೋದ ಸಲ ಕೇಳಿದ್ರು, ನೀವು ಮರೆತು ಬಂದಿದ್ರಿ."

ನಾನು ಮರೆತಿರಲಿಲ್ಲ. ಕಣ್ಣಿಗೂ ಹೊಟ್ಟೆಗೆ ಹಾಕುವ ಮಾತ್ರೆಗೂ ಏನು ಸಂಬಂಧ ಎಂದು ಬೇಕೆಂದೇ ಬಿಟ್ಟು ಹೋಗಿದ್ದೆ. ಅದನ್ನು ಅವಳಿಗೆ ಆಟೋದಲ್ಲಿ ಹೇಳಿದೆ. ಅವಳು ರಸ್ತೆಯ ಕಡೆ ತಿರುಗಿ ನಕ್ಕಳು. ಬೆಳಗಿನಿಂದ ಅದು ಮೊದಲ ನಗು.

ವೈದ್ಯೆ ನನ್ನ ಮೊಮ್ಮಗಳ ವಯಸ್ಸಿನವಳು. ನನ್ನನ್ನು ಪಾಟಿ, ಅಂದರೆ ಅಜ್ಜಿ, ಎಂದು ಕರೆದು ತಮಿಳಿನಲ್ಲಿ ಮಾತಾಡಿದಳು, ನಾನೂ ತಮಿಳಿನಲ್ಲೇ ಉತ್ತರ ಕೊಟ್ಟೆ. ಕಣ್ಣಿಗೆ ಹನಿ ಹಾಕಿ, ಯಂತ್ರದಲ್ಲಿ ಗಲ್ಲ ಇಡಿಸಿ, ಎರಡೂ ಕಣ್ಣು ನೋಡಿದಳು. ಎಡಗಣ್ಣು ಇದ್ದ ಹಾಗೇ ಇದೆ, ಬಲಗಣ್ಣಿನ ಪರದೆ ಚೆನ್ನಾಗಿದೆ ಎಂದಳು.

"ಹಾಗಾದರೆ ಬುದ್ಧಿಯಲ್ಲಿ ತೊಂದರೆಯೇ?" ಎಂದು ನೇರವಾಗಿ ಕೇಳಿದೆ.

"ಇವತ್ತು ಯಾವ ವಾರ ಪಾಟಿ?"

"ಬುಧವಾರ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನೆಯ ಹಾಳೆಯನ್ನೇ ಹರಿದಿಲ್ಲ."

ಅವಳು ತಿರುಗಿ ನೋಡಿ, ಎದ್ದು ಹೋಗಿ ಹಾಳೆ ಹರಿದಳು. ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದಳು. ಎರಡರವರೆಗೂ ಕಳೆದು ಕೊಟ್ಟೆ. ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಮೂರನ್ನೂ ಹೇಳಿದೆ. ಗೋಡೆಯ ಬುಟ್ಟಾ ಕಂಡಾಗ ಅದು ನಿಜವೆನ್ನಿಸುತ್ತದೆಯೇ ಎಂದು ಕೇಳಿದಳು. ಇಲ್ಲ, ಅದು ನಿಜವಲ್ಲ ಎಂದು ಗೊತ್ತಿರುತ್ತದೆ, ಇರುವೆ ಮಾತ್ರ ಮೋಸ ಮಾಡುತ್ತದೆ ಎಂದೆ. ಆಮೇಲೆ ಅವಳು ಮಾತ್ರೆ ಡಬ್ಬಿ ತೆರೆದಳು.

ನನ್ನ ಡಬ್ಬಿಯಲ್ಲಿ ಏಳು ದಿನಕ್ಕೆ ಏಳು ಖಾನೆ, ಪ್ರತಿ ಖಾನೆಯಲ್ಲಿ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಮೂರು ಗುಳಿ. ಭಾನುವಾರ ಸಂಜೆ ತುಂಬುತ್ತೇನೆ. ರಾತ್ರಿಯ ಗುಳಿಯಿಂದ ಅವಳು ಪುಟ್ಟ ಹಳದಿ ಮಾತ್ರೆಯೊಂದನ್ನು ಎತ್ತಿದಳು.

"ಇದು ಯಾತಕ್ಕೆ?"

"ಸೀನಿಗೆ. ದೀಪಾವಳಿಯಲ್ಲಿ ನೆಗಡಿಯಾಗಿತ್ತು. ಔಷಧಿ ಅಂಗಡಿಯಲ್ಲಿ ಕೊಟ್ಟರು."

"ಎಷ್ಟು ದಿನಕ್ಕೆ ಕೊಟ್ಟರು?"

"ಐದು ದಿನಕ್ಕೆ."

"ಈಗ ಪೊಂಗಲ್ ಮುಗಿದಿದೆ ಪಾಟಿ."

ಐದು ದಿನ ಆದ ಮೇಲೆ ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ಡಬ್ಬಿಗೆ ಒಂದು ಸಲ ಸೇರಿದ್ದು ನನ್ನ ಲೆಕ್ಕದಲ್ಲಿ ದಿನದ ಕೆಲಸ. ಮಾತ್ರೆಯ ಪಟ್ಟಿ ಮುಗಿದಾಗಲೆಲ್ಲ ಖಾಲಿ ಪಟ್ಟಿ ತೋರಿಸಿ ಹೊಸದು ತರಿಸಿದ್ದೆ. ಗಂಜಿ ಕಾಯಿಸುವ ದಿನ ಬೆಳಿಗ್ಗೆ ಎದ್ದ ತಕ್ಷಣ ಇನ್ನೊಂದು ನುಂಗುತ್ತಿದ್ದೆ, ಗಂಜಿಯ ಮೇಲೆ ಸೀನಬಾರದಲ್ಲ. ಆ ಬುಧವಾರವೂ ನುಂಗಿದ್ದೆ. ವೈದ್ಯೆ ಇದನ್ನು ಕೇಳಿ ಪೆನ್ನು ಕೆಳಗಿಟ್ಟಳು. ಆಮೇಲೆ ಬಿಳಿ ಮಾತ್ರೆಯೊಂದನ್ನು ಎತ್ತಿದಳು.

ಅದು ಧರ್ಮಪುರಿಯದು. ಅಲ್ಲಿ ನನ್ನ ಮಗಳ ಮನೆ ಇದೆ. ಬಸ್ಸಿನಲ್ಲಿ ಹೋಗಿ ಬರುವಾಗ ತೊಪ್ಪೂರು ಘಾಟಿಯಲ್ಲಿ ಲಾರಿ ನಿಂತುಬಿಟ್ಟರೆ ಒಂದು ಗಂಟೆ ಕದಲುವಂತಿಲ್ಲ, ನನಗೆ ಮೂತ್ರ ತಡೆಯುವುದಿಲ್ಲ. ಒಂದು ಸಲ ತುಂಬ ಅವಮಾನವಾಯಿತು. ಮಗಳು ಅಲ್ಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಈ ಮಾತ್ರೆ ಬರೆಸಿದ್ದಳು. ಆ ಡಾಕ್ಟರಿಗೆ ಸೀನಿನ ಮಾತ್ರೆಯ ವಿಷಯ ನಾನು ಹೇಳಿರಲಿಲ್ಲ, ಅಂಗಡಿಯವರಿಗೆ ಇದನ್ನು ಹೇಳಿರಲಿಲ್ಲ. ಅವರ ತಪ್ಪೇನೂ ಇಲ್ಲ.

"ಬಾಯಿ ಒಣಗುತ್ತದೆಯೇ ಪಾಟಿ?"

"ಹೌದು, ವಯಸ್ಸಾಯಿತಲ್ಲ."

"ಮಲಬದ್ಧತೆ?"

"ಅದೂ ವಯಸ್ಸು."

"ವಯಸ್ಸಿನ ಮೇಲೆ ತುಂಬ ಹೊರೆ ಹೊರಿಸಿದ್ದೀರಿ," ಎಂದಳು. ಎರಡು ಮಾತ್ರೆಗಳೂ ದೇಹದಲ್ಲಿ ಒಂದೇ ಥರದ ಕೆಲಸ ಮಾಡುತ್ತವೆ, ಒಂದರ ಮೇಲೊಂದು ಸೇರಿದರೆ ವಯಸ್ಸಾದವರಿಗೆ ದೃಷ್ಟಿ ಮಸುಕಾಗುತ್ತದೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಮೊದಲೇ ಕಣ್ಣು ಕೆಟ್ಟವರಿಗೆ ಇನ್ನೂ ಬೇಗ, ಎಂದು ಬಿಡಿಸಿ ಹೇಳಿದಳು. "ಇದೇ ಕಾರಣವೆಂದು ಆಣೆ ಮಾಡುವುದಿಲ್ಲ. ಹಳದಿಯದನ್ನು ಇವತ್ತೇ ನಿಲ್ಲಿಸೋಣ. ಬಿಳಿಯದಕ್ಕೆ ಆ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ. ಡಬ್ಬಿಯಲ್ಲಿರುವ ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಹದಿನೈದು ದಿನ ಬಿಟ್ಟು ಬನ್ನಿ."

ಅಲ್ಲೇ ಕೂತು ಧರ್ಮಪುರಿಗೆ ಫೋನ್ ಮಾಡಿದಳು. ಅವರೂ ಒಪ್ಪಿ, ಅದನ್ನು ನಿಲ್ಲಿಸಿ ಬೇರೆ ಬಗೆಯ ಮಾತ್ರೆ ಹೇಳಿದರು.

ಏಳುವ ಮೊದಲು ಅವ್ವನ ವಿಷಯ ಕೇಳಿದೆ. ತೊಲೆಯ ಮೇಲಿನ ಜನರ ವಿಷಯ. ವೈದ್ಯೆ ಗಡಿಯಾರ ನೋಡಲಿಲ್ಲ, ಹೊರಗೆ ಸಾಲು ಇದ್ದರೂ.

"ಅವರು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರು?"

"ಔಷಧಿ ಏನೂ ಇರಲಿಲ್ಲ. ಉಬ್ಬಸಕ್ಕೆ ಉಮ್ಮತ್ತಿ ಎಲೆಯ, ಅದೇ ದತ್ತೂರದ, ಹೊಗೆ ಎಳೆಯುತ್ತಿದ್ದಳು. ಕೊನೆಕೊನೆಗೆ ಕಷಾಯವನ್ನೂ ಕುಡಿಯುತ್ತಿದ್ದಳು."

"ಪಾಟಿ, ಉಮ್ಮತ್ತಿಯಲ್ಲಿರುವುದು ಈ ಎರಡು ಮಾತ್ರೆಗಳ ಜಾತಿಯದೇ. ಇವುಗಳಿಗಿಂತ ಬಹಳ ಜೋರು, ವಿಷವೇ. ನಲವತ್ತು ವರ್ಷದ ಹಿಂದಿನದನ್ನು ಈಗ ಕೂತು ಖಚಿತವಾಗಿ ಹೇಳಲಾರೆ. ಆದರೆ ಇಲ್ಲದ್ದನ್ನು ಕಾಣಿಸಲು ಅಷ್ಟು ಸಾಕು."

ಹೊರಗಿನ ಬೆಂಚಿನ ಮೇಲೆ ಕೂತೆ. ಕಣ್ಣಿಗೆ ಹಾಕಿದ ಹನಿಯಿಂದ ಎಲ್ಲ ಬೆಳ್ಳಗೆ ಕಾಣುತ್ತಿತ್ತು. ಸೊಸೆ ಇಡ್ಲಿ ತಂದಳು, ನಾಲ್ಕು ತಿಂದೆ. ದಿನಾ ಎರಡು ತಿನ್ನುವವಳು. ಅವ್ವನ ಕಷಾಯದ ಎಲೆಯನ್ನು ಮೂರು ದಿನಕ್ಕೊಮ್ಮೆ ಹಿತ್ತಿಲಿನಿಂದ ಕಿತ್ತು ತರುತ್ತಿದ್ದದ್ದು ನನ್ನ ತಮ್ಮ, ಒಣಗಿಸುತ್ತಿದ್ದದ್ದು ನಾವೆಲ್ಲ. ಉಬ್ಬಸಕ್ಕೆ ಅದೇ ಮದ್ದು ಎಂದು ನಂಬಿದ್ದೆವು. ಇದಕ್ಕಾಗಿ ಅಳು ಬರಬೇಕಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಹಗುರವಾಗಿತ್ತು. ಅವಳಿಗೆ ಹುಚ್ಚು ಹಿಡಿದಿರಲಿಲ್ಲವೇನೋ, ನಮ್ಮ ವಂಶದ ರಕ್ತದಲ್ಲಿ ಅದು ಹರಿಯುತ್ತಿಲ್ಲವೇನೋ ಎಂದು. ಅಳು ಆಮೇಲೆ ಬಂತು, ಬೇರೆ ದಿನ, ಬಟ್ಟೆ ಒಗೆಯುವಾಗ.

ಇದನ್ನು ಬರೆಯುವ ಹೊತ್ತಿಗೆ ಎರಡು ತಿಂಗಳಾಗಿದೆ. ಹಳದಿ ಮಾತ್ರೆ ನಿಂತ ನಾಲ್ಕನೆಯ ದಿನ ರಂಗೋಲಿ ನೆಲದ ಮೇಲೆ ಕದಲದೆ ನಿಂತಿತು. ಇರುವೆ ಹದಿನೈದು ದಿನದೊಳಗೆ ಹೋಯಿತು. ಬುಟ್ಟಾ ಪೂರ್ತಿ ಹೋಗಿಲ್ಲ. ಸಂಜೆ ದಣಿದಾಗ ಎಡಗಣ್ಣಿನ ಕಡೆ ಒಂದೆರಡು ಸಾಲು ಮೂಡುತ್ತದೆ. ಕಣ್ಣು ಸರಿಯಾಗಿ ಕಾಣದಾಗ ಮಿದುಳು ತಾನೇ ತುಂಬಿಸಿಕೊಳ್ಳುವುದು ಉಂಟು, ಹೆದರಬೇಡಿ ಎಂದಿದ್ದಾಳೆ ವೈದ್ಯೆ. ಹೆದರಿಕೆ ಹೋಗಿದೆ. ಬುಟ್ಟಾ ಕಂಡರೆ ಸೊಸೆಗೆ ಕೂಗಿ ಹೇಳುತ್ತೇನೆ. "ಬಣ್ಣ ಏನತ್ತೆ ಇವತ್ತು?" ಎಂದು ಅಡುಗೆಮನೆಯಿಂದಲೇ ಕೇಳುತ್ತಾಳೆ. ಸೀನು ವಾಪಸ್ಸು ಬಂದಿದೆ. ಗಂಜಿ ಕಾಯಿಸುವ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ಅವಳು ನಾಲ್ಕೂವರೆಗೆ ಏಳುವುದಿಲ್ಲ, ಐದಕ್ಕೆ ಏಳುತ್ತಾಳೆ, ಗಂಜಿ ಹೇಗೋ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ. ಈ ವಿಷಯ ನನಗೆ ಇನ್ನೂ ಅರ್ಥವಾಗಿಲ್ಲ.

ಆ ಬುಧವಾರ ಆಸ್ಪತ್ರೆಯಿಂದ ಮನೆಗೆ ಬಂದಾಗ ಎರಡು ಗಂಟೆ. ಊಟ ಮಾಡಿ, ಅರ್ಧ ಗಂಟೆ ಮಲಗಿ, ಮೂರು ಗಂಟೆಗೆ ಎದುರು ಮನೆಗೆ ಹೋದೆ. ಅವರು ಹಾಸಿನ ಮೇಲೆ ನೀರು ಚಿಮುಕಿಸಿ, ಅಂಟಿದ್ದನ್ನು ಬಿಡಿಸಿ, ಒಣಗಿಸಿ ಒಳಗೆ ತಂದಿದ್ದರು. ಕಿತ್ತ ಎಳೆಗಳು ಹಾಗೇ ಇದ್ದವು. ಗಂಡ ಹೆಂಡತಿ ಇಬ್ಬರೂ ಪಡಸಾಲೆಯಲ್ಲಿ ಕೂತು ಒಂದೊಂದೇ ಕೂಡಿಸುತ್ತಿದ್ದರು.

"ತಪ್ಪು ನನ್ನದು," ಎಂದೆ. "ಬೊಗ್ಗಿದ್ದು ಕಣ್ಣೇ."

ಅವಳು ತಲೆಯೆತ್ತಲಿಲ್ಲ. "ಡಾಕ್ಟ್ರು ಏನಂದ್ರು?"

ಹೇಳಿದೆ. ಸೀನಿನ ಮಾತ್ರೆ ಎಂದಾಗ ಅವಳು ಎಳೆ ಬಿಟ್ಟು ನನ್ನ ಕಡೆ ನೋಡಿದಳು.

"ಗಂಜಿ ಮೇಲೆ ಸೀನಬಾರ್ದು ಅಂತಾನಾ?"

"ಊಂ."

"ಸೀನಿದ್ರೆ ಆ ಒಂದು ಪಾತ್ರೆ ಗಂಜಿ ಓಗ್ತಿತ್ತು, ದೊಡ್ಡವ್ವಾ. ಈಗ ನೋಡಿ!" ಎಂದು ಕಿತ್ತ ಎಳೆಗಳತ್ತ ಕೈ ತೋರಿಸಿದಳು. ಅವಳಿಗೇ ನಗು ತಡೆಯಲಿಲ್ಲ. ಅವಳ ಗಂಡನೂ ನಕ್ಕ. ನಾನು ಅವರಿಬ್ಬರ ನಡುವೆ ಕೂತೆ.

"ಈ ಕಣ್ಣಲ್ಲಿ ನೀವೇನ್ ಮಾಡ್ತೀರ ದೊಡ್ಡವ್ವ? ಕಾಫಿ ಕುಡಿದು ಓಗಿ ಮಲಗಿ," ಎಂದ ಅವನು.

"ಇದಕ್ಕೆ ಕಣ್ಣು ಯಾಕೋ?"

ಕಣ್ಣು ಮುಚ್ಚಿಕೊಂಡೆ. ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಸೇರಿಸಿ, ಒಂದು ಚಿಟಿಕೆ ಬೂದಿ ಮುಟ್ಟಿ, ಹೊಸೆದು, ಮಡಿಸಿ ಇನ್ನೊಮ್ಮೆ ಹೊಸೆದೆ. ಕೂಡಿತು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಬೆರಳಿಗೆ ಗೊತ್ತಿರುವ ಕೆಲಸ. ಮುಚ್ಚಿದ ಕಣ್ಣೊಳಗೆ ಏನೂ ಬಾಗಲಿಲ್ಲ, ಹರಿಯಲಿಲ್ಲ. ಮೊದಮೊದಲು ಅವನು ನಾನು ಕೂಡಿಸಿದ್ದನ್ನು ಎಳೆದು ನೋಡಿದ. ಹತ್ತನ್ನು ನೋಡಿದ ಮೇಲೆ ಬಿಟ್ಟುಬಿಟ್ಟ. ಅವನ ಹೆಂಡತಿ ಬೀದಿಯ ಸುದ್ದಿ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ನಡುವೆ ಒಂದು ಸಲ ಕಾಫಿಗೆ ಎದ್ದೆವು. ಆರೂಕಾಲಿಗೆ ಕೊನೆಯ ಎಳೆ ಕೂಡಿತು. ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು ತುದಿ ಹಿಡಿದಳು, ನಾನು ನಡುವೆ ಅಂಗೈಯಿಂದ ಸವರುತ್ತ ಹೋದೆ. ಮೂವರೂ ಸೇರಿ ಹಾಸನ್ನು ಮರದ ದಿಂಡಿಗೆ ಸುತ್ತಿ, ಹಗ್ಗ ಬಿಗಿದು, ಮಗ್ಗದ ಮೇಲೆ ಎತ್ತಿ ಕೂರಿಸಿದೆವು.